ನೊಣದ ಮೆದುಳಿನ ನಕ್ಷೆ ಸಿಕ್ಕಿದೆ, ನೊಣ ಇನ್ನೂ ಸಿಕ್ಕಿಲ್ಲ

ಮೂರು ಸುದ್ದಿಗಳು ಬೇರೆ ಬೇರೆ ವೇಷದಲ್ಲಿ ನಮ್ಮ ಮೊಬೈಲಿಗೆ ಬರುತ್ತಲೇ ಇವೆ. ನೊಣದ ಮೆದುಳನ್ನು ಪೂರ್ತಿಯಾಗಿ ಕಂಪ್ಯೂಟರಿಗೆ ಇಳಿಸಿದ್ದಾರೆ ಎಂಬುದು ಒಂದು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮನುಷ್ಯರ ನರಕೋಶಗಳು ವಿಡಿಯೊ ಗೇಮ್ ಆಡುತ್ತಿವೆ ಎಂಬುದು ಇನ್ನೊಂದು. ಮೆದುಳಿನ ಹಾಗೆ ಯೋಚಿಸುವ ಚಿಪ್ ಬೆಂಗಳೂರಿನಲ್ಲೇ ತಯಾರಾಗಿದೆ ಎಂಬುದು ಮತ್ತೊಂದು. ದಾವಣಗೆರೆ, ಚಿತ್ರದುರ್ಗದ ಕಾಲೇಜು ಗುಂಪುಗಳಲ್ಲಿ ಇವು ಓಡಾಡುವ ರೀತಿ ನೋಡಿದರೆ, ಇನ್ನೇನು ಮನುಷ್ಯರ ಮನಸ್ಸನ್ನೂ ಪೆನ್‌ಡ್ರೈವಿಗೆ ಹಾಕಿಬಿಡುತ್ತಾರೆ ಅನ್ನಿಸುತ್ತದೆ, ಅಲ್ವಾ?

ಮೂರರ ಹಿಂದೆಯೂ ನಿಜವಾದ ಕೆಲಸ ಇದೆ. ಆದರೆ ಪ್ರಯೋಗಾಲಯದಲ್ಲಿ ಅಳೆದದ್ದೇ ಒಂದು, ಸುದ್ದಿಯಲ್ಲಿ ಬಂದದ್ದೇ ಇನ್ನೊಂದು. ಇವೆರಡರ ನಡುವೆ ಬಿಟ್ಟುಹೋಗಿರುವುದು ನಡವಳಿಕೆ. ಹಸಿದಾಗ, ಹೆದರಿದಾಗ, ಹೊಟ್ಟೆ ತುಂಬಿದಾಗ ಒಂದು ಜೀವ ನಿಜಕ್ಕೂ ಏನು ಮಾಡುತ್ತದೆ ಎಂಬ ಪ್ರಶ್ನೆ. ಅದನ್ನು ಹಿಡಿದುಕೊಂಡು ಈ ಸುದ್ದಿಗಳನ್ನು ಒಂದೊಂದಾಗಿ ನೋಡೋಣ.

ಏಳು ಸಾವಿರ ಹೋಳು

ಸುದ್ದಿಯಲ್ಲಿರುವುದು ಮನೆಯ ಮಾಮೂಲಿ ನೊಣ ಅಲ್ಲ. ಹಣ್ಣಾಗಿ ಕಪ್ಪು ತಿರುಗಿದ ಬಾಳೆಹಣ್ಣಿನ ಸುತ್ತ ಹಾರಾಡುವ ಪುಟಾಣಿ ನೊಣ, ಡ್ರೊಸೊಫಿಲ. (ಮಾವಿನಕಾಯಿಯೊಳಗೆ ಹುಳ ಬಿಡುವ ನೊಣವೂ ಇದಲ್ಲ, ಅದು ಬೇರೆ ಜಾತಿ.) ನೂರು ವರ್ಷಕ್ಕೂ ಜಾಸ್ತಿ ಕಾಲದಿಂದ ಜೀವಶಾಸ್ತ್ರದವರಿಗೆ ಇದು ನೆಚ್ಚಿನ ಪ್ರಾಣಿ. ಸಾಕುವುದು ಸುಲಭ, ಸುಮಾರು ಹತ್ತು ದಿನಕ್ಕೆ ಒಂದು ತಲೆಮಾರು. ನಮ್ಮ ಮೈಸೂರು ವಿಶ್ವವಿದ್ಯಾಲಯದಲ್ಲೇ ಈ ನೊಣದ ಬಗೆಬಗೆಯ ತಳಿಗಳನ್ನು ಕಾಪಾಡುವ ಕೇಂದ್ರ ಇದೆ. ನೊಣ ವಾಸನೆ, ರುಚಿಗಳನ್ನು ಹೇಗೆ ಗುರುತಿಸುತ್ತದೆ ಎಂಬ ಕೆಲಸವನ್ನು ನಮ್ಮ ದೇಶದಲ್ಲಿ ಬೆಳೆಸಿದವರಲ್ಲಿ ಒಬೈದ್ ಸಿದ್ದಿಕಿ ಪ್ರಮುಖರು. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್ ಕಟ್ಟಿದವರೂ ಅವರೇ.

2024ರ ಅಕ್ಟೋಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ನೊಣದ ಇಡೀ ಮೆದುಳಿನ ನಕ್ಷೆ ಪ್ರಕಟವಾಯಿತು. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ಹಲವು ದೇಶಗಳವರು ಸೇರಿ ಮಾಡಿದ ಕೆಲಸ, ಹೆಸರು ಫ್ಲೈವೈರ್. ಒಂದು ಹೆಣ್ಣು ನೊಣ. ಒಂದು ಮಿಲಿಮೀಟರ್‌ಗಿಂತ ಚಿಕ್ಕ ಮೆದುಳು. ಅದನ್ನು ಸುಮಾರು 7,000 ತೆಳು ಹೋಳುಗಳಾಗಿ ಕತ್ತರಿಸಿ, ಪ್ರತಿ ಹೋಳನ್ನೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಫೋಟೊ ತೆಗೆದು, ಒಂದರ ಮೇಲೊಂದು ಜೋಡಿಸಿದರು. ಸಿಕ್ಕ ಲೆಕ್ಕ 1,39,255 ನರಕೋಶಗಳು. ಅವುಗಳ ನಡುವೆ 5 ಕೋಟಿಗೂ ಮೀರಿದ ಕೊಂಡಿಗಳು.

ಈ ಲಕ್ಷಾಂತರ ಫೋಟೊಗಳಲ್ಲಿ ಯಾವ ಎಳೆ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಮೊದಲು ಗುರುತಿಸಿದ್ದು ಎಐ. ಅದು ತಪ್ಪೂ ಮಾಡಿತು. ಎರಡು ಎಳೆಗಳನ್ನು ಒಂದು ಅಂದುಕೊಂಡಿತು, ಒಂದೇ ಎಳೆಯನ್ನು ನಡುವೆ ತುಂಡು ಮಾಡಿತು. ಅದನ್ನೆಲ್ಲ ಮನುಷ್ಯರು ಕೂತು ತಿದ್ದಿದರು. ಸಂಶೋಧಕರ ಜೊತೆ ಹವ್ಯಾಸಿ ಸ್ವಯಂಸೇವಕರೂ ಇದ್ದರು. ಆ ತಿದ್ದುವ ಕೆಲಸವನ್ನು ಒಬ್ಬರೇ ಮಾಡಿದ್ದರೆ ಸುಮಾರು 33 ವರ್ಷ ಹಿಡಿಯುತ್ತಿತ್ತಂತೆ. ಮೆದುಳನ್ನು ತಿಳಿಯಲು ಯಂತ್ರ ಬೇಕಾಯಿತು, ಯಂತ್ರವನ್ನು ತಿದ್ದಲು ಮತ್ತೆ ಮನುಷ್ಯರ ಕಣ್ಣೇ ಬೇಕಾಯಿತು.

ಇಷ್ಟಾದ ಮೇಲೆ ಕೈಯಲ್ಲಿರುವುದು ಸತ್ತ ನೊಣವೊಂದರ ಮೆದುಳಿನ ತಂತಿಗಳ ನಕ್ಷೆ. ದಾವಣಗೆರೆಯ ರಸ್ತೆ ನಕ್ಷೆಯನ್ನು ನೀವು ಬಾಯಿಪಾಠ ಮಾಡಿರಬಹುದು. ಆದರೂ ಮೆಕ್ಕೆಜೋಳದ ಸುಗ್ಗಿಯಲ್ಲಿ ಎಪಿಎಂಸಿ ಕಡೆ ಯಾವ ದಿನ ಎಷ್ಟು ಹೊತ್ತಿಗೆ ಲಾರಿ ಸಾಲು ನಿಲ್ಲುತ್ತದೆ ಎಂದು ಆ ನಕ್ಷೆ ಹೇಳುವುದಿಲ್ಲ. ಅದಕ್ಕೆ ಮಳೆ, ದರ, ಹಮಾಲರ ರಜೆ ಎಲ್ಲ ಗೊತ್ತಿರಬೇಕು.

40 ವರ್ಷದ ಹಳೆಯ ಎಚ್ಚರಿಕೆ

ನಕ್ಷೆ ಸಿಕ್ಕರೆ ಎಲ್ಲ ಸಿಕ್ಕ ಹಾಗೆ ಎಂಬ ಆಸೆ ಹೊಸದೇನೂ ಅಲ್ಲ. ಮಣ್ಣಿನಲ್ಲಿ ಬದುಕುವ, ಒಂದು ಮಿಲಿಮೀಟರ್ ಉದ್ದದ ಸಿ. ಎಲಿಗನ್ಸ್ ಎಂಬ ಹುಳುವಿದೆ. ಅದರ ಮೈಯಲ್ಲಿರುವುದು ಬರೀ 302 ನರಕೋಶ. ಸಿಡ್ನಿ ಬ್ರೆನ್ನರ್, ಜಾನ್ ವೈಟ್ ಮತ್ತು ಸಂಗಡಿಗರು ಅದರ ಪೂರ್ತಿ ನಕ್ಷೆಯನ್ನು 1986ರಲ್ಲೇ ಪ್ರಕಟಿಸಿದರು. ಆ ಹುಳುವನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತೇವೆ ಎಂದು 2011ರಲ್ಲಿ ಓಪನ್‌ವರ್ಮ್ ಎಂಬ ಯೋಜನೆಯೂ ಶುರುವಾಯಿತು.

ನಕ್ಷೆ ಬಂದು 40 ವರ್ಷವಾಗುತ್ತಾ ಬಂದರೂ ನಿಜವಾದ ಹುಳು ಮಾಡುವುದನ್ನೆಲ್ಲ ಮಾಡುವ ಕಂಪ್ಯೂಟರ್ ಹುಳು ಬಂದಿಲ್ಲ. ಕಾರಣ ಏನು? ನರಕೋಶಗಳು ಕೊಂಡಿಗಳ ಮೂಲಕ ಮಾತ್ರ ಮಾತಾಡುವುದಿಲ್ಲ. ಮೈಯೊಳಗೆಲ್ಲ ಹರಡುವ ರಾಸಾಯನಿಕಗಳನ್ನೂ ಬಿಡುತ್ತವೆ. ಅದೇ ತಂತಿ, ಅದೇ ಕೊಂಡಿ, ಆದರೆ ಹಸಿವಿನ ರಾಸಾಯನಿಕ ಹರಿದಾಡುವಾಗ ಒಂದು ಫಲಿತಾಂಶ, ಇಲ್ಲದಾಗ ಇನ್ನೊಂದು. ನಕ್ಷೆಯಲ್ಲಿ ಕೊಂಡಿ ಕಾಣುತ್ತದೆ, ಆ ಕೊಂಡಿ ಇವತ್ತು ಎಷ್ಟು ಗಟ್ಟಿ ಎಂಬುದು ಕಾಣುವುದಿಲ್ಲ. 302ಕ್ಕೇ ಈ ಪಾಡಾದರೆ ಒಂದೂವರೆ ಲಕ್ಷದ ಹತ್ತಿರದ ಕಥೆ ಏನು?

ಹಸಿದ ನೊಣದ ನಾಲಿಗೆ

ನೊಣದ ಪ್ರಯೋಗಗಳಲ್ಲಿ ಬಹಳ ಸರಳವಾದ ಒಂದಿದೆ. ಜೀವಂತ ನೊಣವನ್ನು ಅಲುಗಾಡದಂತೆ ಹಿಡಿದಿಟ್ಟು, ಸಕ್ಕರೆ ನೀರಿನ ಹನಿಯನ್ನು ಅದರ ಕಾಲಿಗೆ ಮುಟ್ಟಿಸುತ್ತಾರೆ. ನೊಣಕ್ಕೆ ಕಾಲಿನಲ್ಲೂ ರುಚಿ ತಿಳಿಯುತ್ತದೆ. ತಕ್ಷಣ ಮಡಚಿಕೊಂಡಿದ್ದ ಸೊಂಡಿಲಿನಂಥ ಬಾಯಿ ಮುಂದಕ್ಕೆ ಚಾಚುತ್ತದೆ. ಕಹಿ ಮುಟ್ಟಿಸಿದರೆ ಚಾಚುವುದಿಲ್ಲ. ಸಕ್ಕರೆಗೆ ಕಹಿ ಬೆರೆಸಿದರೆ ಹಿಂದೆಗೆಯುತ್ತದೆ. ಈಗಷ್ಟೇ ಹೊಟ್ಟೆ ತುಂಬಿಸಿಕೊಂಡ ನೊಣವಾದರೆ ಸಕ್ಕರೆಗೂ ಸುಮ್ನೆ ಇದ್ದುಬಿಡಬಹುದು.

ಕಂಪ್ಯೂಟರಿಗೆ ಇಳಿಸಿದ್ದಾರೆ ಎಂಬ ಸುದ್ದಿಯ ತಿರುಳು ಇಲ್ಲಿದೆ. ನಕ್ಷೆಯ ಜೊತೆಗೇ 2024ರಲ್ಲಿ ಇನ್ನೊಂದು ಪ್ರಬಂಧ ಬಂತು. ಫಿಲಿಪ್ ಶಿಯು ಮತ್ತು ಸಂಗಡಿಗರು ನಕ್ಷೆಯ ನರಕೋಶಗಳನ್ನೆಲ್ಲ ಸರಳ ಲೆಕ್ಕಗಳಾಗಿ ಮಾಡಿ ಕಂಪ್ಯೂಟರಿನಲ್ಲಿ ಓಡಿಸಿದರು. ಸಕ್ಕರೆ ರುಚಿಯ ನರಕೋಶಗಳಿಗೆ ಚಾಲನೆ ಕೊಟ್ಟಾಗ, ಬಾಯಿ ಚಾಚುವ ಸ್ನಾಯುವಿನ ನರಕೋಶದವರೆಗೆ ಸಂಕೇತ ಬಂದು ತಲುಪಿತು. ದಾರಿಯಲ್ಲಿ ಯಾವ ಯಾವ ನರಕೋಶ ಮುಖ್ಯ ಎಂದು ಈ ಕಂಪ್ಯೂಟರ್ ಮಾದರಿ ಮೊದಲೇ ಊಹಿಸಿತು. ಅದನ್ನು ಜೀವಂತ ನೊಣಗಳಲ್ಲಿ ಪರೀಕ್ಷಿಸಿದಾಗ ಬಹುಪಾಲು ಸರಿಯಾಗಿತ್ತು.

ನಿಜಕ್ಕೂ ದೊಡ್ಡ ಸಾಧನೆ, ಅದರಲ್ಲಿ ಅನುಮಾನ ಬೇಡ. ಆದರೆ ಆ ಮಾದರಿಯಲ್ಲಿ ಹಸಿವಿಲ್ಲ, ಹೊಟ್ಟೆಯೂ ಇಲ್ಲ. ರುಚಿ ನೋಡುವುದು, ಮೀಸೆ ಒರೆಸಿಕೊಳ್ಳುವುದು, ಹೀಗೆ ಎರಡು ಸಣ್ಣ ಕೆಲಸಗಳ ದಾರಿ ಅದು. ಇನ್ನೂ ಒಂದು ಮಾತು. ಊಹೆ ಸರಿಯೋ ತಪ್ಪೋ ಎಂದು ಗೊತ್ತಾಗಿದ್ದು ಹೇಗೆ? ಜೀವಂತ ನೊಣ ಬಾಯಿ ಚಾಚುವುದನ್ನು ಕಣ್ಣಿಟ್ಟು ನೋಡಿದ ಹಳೆಯ ವಿಧಾನದಿಂದ. ನಡವಳಿಕೆಯ ದಾಖಲೆ ಇಲ್ಲದಿದ್ದರೆ ಮಾದರಿಯನ್ನು ತಾಳೆ ನೋಡಲು ಏನೂ ಇರುತ್ತಿರಲಿಲ್ಲ.

ಮೆದುಳಿಗೆ ಕೈ ಹಚ್ಚದೆ ನಡವಳಿಕೆಯನ್ನೇ ಓದಿದವರೂ ನಮ್ಮಲ್ಲಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ದಶಕಗಳ ಕಾಲ ಕಣಜದ ಹುಳುಗಳ ಗೂಡಿನ ಮುಂದೆ ಕೂತವರು. ಪ್ರತಿ ಕಣಜಕ್ಕೂ ಬಣ್ಣದ ಚುಕ್ಕೆ ಇಟ್ಟು ಯಾವುದು ಯಾವುದೆಂದು ಗುರುತಿಸುತ್ತಿದ್ದರು. ಅವರು ಓದಿದ ರೊಪಾಲಿಡಿಯ ಮಾರ್ಜಿನಾಟ ಎಂಬ ಕಣಜದ ರಾಣಿ ಬಹಳ ಸಾಧು. ಅವಳನ್ನು ಗೂಡಿನಿಂದ ತೆಗೆದರೆ ಕೆಲವೇ ನಿಮಿಷಗಳಲ್ಲಿ ಒಂದು ಕೆಲಸಗಾರ ಕಣಜ ಜೋರು ಮಾಡತೊಡಗುತ್ತದೆ. ಮುಂದೆ ಅದೇ ರಾಣಿಯಾಗುತ್ತದೆ. ಯಾವುದು ಪಟ್ಟಕ್ಕೆ ಬರುತ್ತದೆ ಎಂದು ನೋಡುವವರಿಗೆ ಮೊದಲೇ ಗೊತ್ತಾಗುವುದಿಲ್ಲ. ಗೂಡಿನ ಉಳಿದ ಕಣಜಗಳು ಮಾತ್ರ ತಕರಾರಿಲ್ಲದೆ ಒಪ್ಪಿಕೊಳ್ಳುತ್ತವೆ. ಒಂದೊಂದು ಕಣಜದ ಮೆದುಳಿನ ನಕ್ಷೆ ಬಂದರೂ ಈ ಪಟ್ಟದ ವ್ಯವಹಾರ ಅದರಲ್ಲಿ ಪೂರ್ತಿ ಸಿಗಲಾರದು. ಅದು ನಡೆಯುವುದು ಇಡೀ ಗೂಡಿನಲ್ಲಿ.

ತಟ್ಟೆಯಲ್ಲಿ ಆಟ

ಈಗ ಗೇಮ್ ಸುದ್ದಿಗೆ ಬರೋಣ. ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಕಾರ್ಟಿಕಲ್ ಲ್ಯಾಬ್ಸ್ 2022ರಲ್ಲಿ ಪ್ರಕಟಿಸಿದ ಪ್ರಯೋಗ ಇದು. ಮನುಷ್ಯರ ಕಾಂಡಕೋಶದಿಂದ (ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲಕೋಶ) ಮತ್ತು ಇಲಿಯಿಂದ ಬೆಳೆಸಿದ ಸುಮಾರು 8 ಲಕ್ಷ ನರಕೋಶಗಳನ್ನು ವಿದ್ಯುತ್ ಕಡ್ಡಿಗಳಿರುವ ತಟ್ಟೆಯ ಮೇಲಿಟ್ಟರು. ಪಾಂಗ್ ಎಂಬ ಹಳೆಯ ಚೆಂಡು-ಹಲಗೆ ಆಟದಲ್ಲಿ ಚೆಂಡು ಎಲ್ಲಿದೆ ಎಂದು ವಿದ್ಯುತ್ ಮಿಡಿತಗಳ ಮೂಲಕ ತಿಳಿಸಿದರು. ಕೋಶಗಳ ಮಿಡಿತದಿಂದ ಹಲಗೆ ಚಲಿಸುವಂತೆ ಮಾಡಿದರು. ಚೆಂಡಿಗೆ ಹಲಗೆ ತಾಗಿದರೆ ಕ್ರಮಬದ್ಧ ಮಿಡಿತ, ತಪ್ಪಿದರೆ ಅಡ್ಡಾದಿಡ್ಡಿ ಮಿಡಿತ. ಐದೇ ನಿಮಿಷದ ಆಟದಲ್ಲಿ ಚೆಂಡು ತಾಗಿಸುವುದು ಸ್ವಲ್ಪ ಸುಧಾರಿಸಿತು. ಸ್ವಲ್ಪ ಮಾತ್ರ. ಆಟದಲ್ಲಿ ನಿಪುಣವೇನೂ ಆಗಲಿಲ್ಲ.

ಜಗಳ ಶುರುವಾಗಿದ್ದು ಪ್ರಬಂಧದ ಶೀರ್ಷಿಕೆಯಿಂದ. ಆ ಕೋಶಗಳಿಗೆ ಸಂವೇದನೆ, ಅಂದರೆ ಅನುಭವಿಸುವ ಅರಿವು ಇದೆ ಎಂಬ ಅರ್ಥ ಬರುವ ಹಾಗೆ ಬರೆದಿದ್ದರು. ಸಾಕ್ಷ್ಯ ಅಷ್ಟು ದೂರ ಹೋಗುವುದಿಲ್ಲ ಎಂದು ಹಲವು ನರವಿಜ್ಞಾನಿಗಳು ಸೇರಿ ಅದೇ ಪತ್ರಿಕೆಗೆ ಆಕ್ಷೇಪ ಬರೆದರು. ಇಲ್ಲಿ ಆಕ್ಷೇಪಣೆಯವರ ವಾದವೇ ಗಟ್ಟಿ. ಅಡ್ಡಾದಿಡ್ಡಿ ಮಿಡಿತ ಕಡಿಮೆಯಾಗುವ ಕಡೆಗೆ ಕೋಶಗಳ ಜಾಲ ವಾಲಿಕೊಳ್ಳುವುದು ಒಂದು ಹೊಂದಾಣಿಕೆ. ಅದಕ್ಕೆ ಆಟದ ಅರಿವು ಇರಬೇಕಿಲ್ಲ. 2025ರಲ್ಲಿ ಅದೇ ಕಂಪನಿ ಸಿಎಲ್1 ಎಂಬ ಪೆಟ್ಟಿಗೆಯನ್ನು ಸುಮಾರು 35,000 ಡಾಲರ್ ಬೆಲೆಗೆ ಮಾರಾಟಕ್ಕೆ ತಂದಿತು. ಒಳಗೆ ಜೀವಂತ ನರಕೋಶಗಳು, ಅವಕ್ಕೆ ಆಹಾರ ಕೊಡುವ ವ್ಯವಸ್ಥೆ. ಮಾರುವ ವಸ್ತುವಾದ ಮೇಲೆ ಹೇಳಿಕೆಗಳ ಬಿಸಿ ಏರುವುದು ಸಹಜ ತಾನೇ.

ಯಂತ್ರಕ್ಕೆ ಮೆದುಳು ಕೊಟ್ಟ ಸಾಲ

ಎಐ ಮೆದುಳಿನ ನಕಲು ಎಂದು ಹೇಳುವವರಿದ್ದಾರೆ, ಮೆದುಳಿಗೂ ಅದಕ್ಕೂ ಸಂಬಂಧವೇ ಇಲ್ಲ ಎನ್ನುವವರೂ ಇದ್ದಾರೆ. ಎರಡೂ ಅತಿ.

1943ರಲ್ಲಿ ಮೆಕ್‌ಕಲ್ಲೊಕ್ ಮತ್ತು ಪಿಟ್ಸ್ ನರಕೋಶವನ್ನು ಒಂದು ಸರಳ ಲೆಕ್ಕವಾಗಿ ಬರೆದರು. ಬರುವ ಸಂಕೇತಗಳನ್ನು ಕೂಡಿಸು, ಮಿತಿ ದಾಟಿದರೆ ಮುಂದಕ್ಕೆ ಕಳಿಸು. ಹ್ಯೂಬೆಲ್ ಮತ್ತು ವೀಸೆಲ್ ಬೆಕ್ಕಿನ ಮೆದುಳಿನಲ್ಲಿ ಗೆರೆಗಳ ಓರೆಯನ್ನು ಗುರುತಿಸುವ ನರಕೋಶಗಳನ್ನು ಕಂಡರು. ಅದನ್ನು ನೋಡಿ ಜಪಾನಿನ ಫುಕುಶಿಮಾ 1980ರಲ್ಲಿ ಪದರ ಪದರವಾಗಿ ಚಿತ್ರ ಗುರುತಿಸುವ ಜಾಲ ಕಟ್ಟಿದರು. ಇಂದು ಫೋಟೊ ಗುರುತಿಸುವ ಆ್ಯಪ್‌ಗಳ ಪೂರ್ವಜ ಅದು. 2024ರ ಭೌತವಿಜ್ಞಾನದ ನೊಬೆಲ್ ಹಾಪ್‌ಫೀಲ್ಡ್ ಮತ್ತು ಹಿಂಟನ್ ಅವರಿಗೆ ಹೋಗಿದ್ದು ಇದೇ ದಾರಿಯ ಕೆಲಸಕ್ಕೆ.

ಸಾಲ ಒಂದೇ ಕಡೆಯಿಂದ ಬಂದಿಲ್ಲ. 1980ರ ದಶಕದಲ್ಲಿ ಸಟನ್ ಮತ್ತು ಬಾರ್ಟೊ ಯಂತ್ರ ಕಲಿಯುವುದಕ್ಕೆ ಒಂದು ಲೆಕ್ಕ ಹಾಕಿದರು. ನಿರೀಕ್ಷೆ ಎಷ್ಟಿತ್ತು, ಸಿಕ್ಕಿದ್ದೆಷ್ಟು, ಆ ವ್ಯತ್ಯಾಸದಿಂದ ಕಲಿ ಎಂಬುದು ಅದರ ತಿರುಳು.  ಅತ್ತ ವೊಲ್‌ಫ್ರಾಮ್ ಶುಲ್ಟ್ಸ್ ಕೋತಿಗಳ ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಿಡುವ ನರಕೋಶಗಳನ್ನು ಗಮನಿಸುತ್ತಿದ್ದರು. ಕೋತಿಗೆ ದೀಪ ತೋರಿಸಿ ಆಮೇಲೆ ಹಣ್ಣಿನ ರಸ ಕೊಡುವುದು ಪ್ರಯೋಗ. ಮೊದಮೊದಲು ರಸ ಬಾಯಿಗೆ ಬಿದ್ದಾಗ ಆ ಕೋಶಗಳು ಮಿಡಿಯುತ್ತಿದ್ದವು. ಕೋತಿಗೆ ಅಭ್ಯಾಸವಾದ ಮೇಲೆ ದೀಪ ಕಂಡಾಗಲೇ ಮಿಡಿದವು, ರಸ ಬಂದಾಗ ಏನೂ ಇಲ್ಲ. ದೀಪ ಹೊತ್ತಿಯೂ ರಸ ಬರದಿದ್ದರೆ, ಬರಬೇಕಾಗಿದ್ದ ಕ್ಷಣದಲ್ಲಿ ಮಿಡಿತ ಇದ್ದದ್ದಕ್ಕಿಂತ ಕೆಳಗಿಳಿಯಿತು. ಯಂತ್ರದ ಲೆಕ್ಕಕ್ಕೂ ಇದಕ್ಕೂ ಅಚ್ಚರಿಯಾಗುವಷ್ಟು ಹೊಂದಿಕೆ ಇದೆ ಎಂದು 1997ರಲ್ಲಿ ಶುಲ್ಟ್ಸ್, ದಯಾನ್, ಮಾಂಟೆಗ್ಯೂ ತೋರಿಸಿದರು. ಡೋಪಮೈನ್ ಅಂದ್ರೆ ಖುಷಿ ಕೊಡುವ ರಾಸಾಯನಿಕ ಎಂದು ರೀಲ್ಸ್‌ಗಳಲ್ಲಿ ಹೇಳುತ್ತಾರಲ್ಲ, ಅದು ಅರ್ಧ ಮಾತು. ಅದರ ಕೆಲಸ ಜಾಸ್ತಿ ಇರುವುದು ನಿರೀಕ್ಷೆಯ ಲೆಕ್ಕದಲ್ಲಿ.

ಬೆಂಗಳೂರಿನ ಚಿಪ್ ಸುದ್ದಿಯೂ ಈ ಸಾಲಿನದೇ. ಭಾರತೀಯ ವಿಜ್ಞಾನ ಸಂಸ್ಥೆಯವರು 2024ರ ಸೆಪ್ಟೆಂಬರ್‌ನಲ್ಲಿ ‘ನೇಚರ್’ನಲ್ಲಿ ಒಂದು ಅಣುಪದರದ ಬಗ್ಗೆ ಪ್ರಕಟಿಸಿದರು. ಸಾಮಾನ್ಯ ಕಂಪ್ಯೂಟರಿನ ಒಂದು ಬಿಟ್‌ಗೆ ಇರುವುದು ಎರಡೇ ಸ್ಥಿತಿ, ಸೊನ್ನೆ ಮತ್ತು ಒಂದು. ಈ ಪದರಕ್ಕೆ ಸುಮಾರು 16,500 ಸ್ಥಿತಿಗಳು. ಮಾಹಿತಿ ಇಡುವ ಜಾಗದಲ್ಲೇ ಲೆಕ್ಕವೂ ನಡೆಯುತ್ತದೆ. ಹಾಗಾಗಿ ಮಾಹಿತಿಯನ್ನು ಅತ್ತಿಂದಿತ್ತ ಸಾಗಿಸುವ ವಿದ್ಯುತ್ ಉಳಿಯುತ್ತದೆ. ಮೆದುಳಿನಿಂದ ಪ್ರೇರಣೆ ಪಡೆದದ್ದು ಇಷ್ಟೇ. ಅವರು ಅದರಲ್ಲಿ ಮಾಡಿ ತೋರಿಸಿದ್ದು ಜೇಮ್ಸ್ ವೆಬ್ ದೂರದರ್ಶಕದ ಮಾಹಿತಿಯಿಂದ ಒಂದು ಚಿತ್ರವನ್ನು ಮತ್ತೆ ಕಟ್ಟುವ ಕೆಲಸ. ಯೋಚನೆ ಗೀಚನೆ ಸುದ್ದಿಯವರ ಸೇರ್ಪಡೆ. ಆದರೂ ಇದು ಸಣ್ಣ ಮಾತಲ್ಲ. ಮನುಷ್ಯರ ಮೆದುಳು ಓಡುವುದು ಸುಮಾರು 20 ವಾಟ್‌ನಲ್ಲಿ. ಎಐ ಡೇಟಾ ಸೆಂಟರ್‌ಗಳ ವಿದ್ಯುತ್ ಹಸಿವು ನೋಡಿದರೆ ಈ ದಾರಿ ಯಾಕೆ ಬೇಕು ಎಂದು ಅರ್ಥವಾಗುತ್ತದೆ.

ಮನುಷ್ಯರ ಮೆದುಳಿನ ಲೆಕ್ಕ ಹಾಕಿ ನೋಡಿ

ಮುಂದೇನು ಎಂಬಲ್ಲಿ ವಿಜ್ಞಾನಿಗಳೇ ಒಂದಾಗಿಲ್ಲ. ಒಂದು ಬಣದವರು ಹೇಳುವುದು ಹೀಗೆ: ನೊಣ ಆಯಿತು, ಇಲಿ ಆಗಲಿ, ಆಮೇಲೆ ಮನುಷ್ಯರು, ನಕ್ಷೆ ಇಲ್ಲದೆ ಏನನ್ನೂ ಶುರು ಮಾಡಲಾಗದು. ಇನ್ನೊಂದು ಬಣ, ದುಡ್ಡೆಲ್ಲ ನಕ್ಷೆಗೇ ಸುರಿದರೆ ನಡವಳಿಕೆ ಓದುವವರೇ ಇಲ್ಲದಂತಾಗುತ್ತದೆ ಎನ್ನುತ್ತದೆ. ಎಐ ಯಂತ್ರ ಕಟ್ಟುವವರಲ್ಲಿ ಅನೇಕರಿಗೆ ಎರಡೂ ಬೇಡ. ಮೆದುಳು ತಿಳಿಯದೆಯೇ ನಮ್ಮ ಕೆಲಸ ನಡೆಯುತ್ತಿದೆಯಲ್ಲ ಎಂಬುದು ಅವರ ಮಾತು.

ನಕ್ಷೆಯವರ ಕನಸಿಗೆ ಒಂದು ಲೆಕ್ಕ ಹಾಕಬಹುದು. 2024ರಲ್ಲಿ ಹಾರ್ವರ್ಡ್ ಮತ್ತು ಗೂಗಲ್ ತಂಡ ಮನುಷ್ಯರ ಮೆದುಳಿನ ಒಂದು ಘನ ಮಿಲಿಮೀಟರ್‌ನಷ್ಟು ತುಣುಕಿನ ನಕ್ಷೆ ಪ್ರಕಟಿಸಿತು. ಫಿಟ್ಸ್ ರೋಗಿಯೊಬ್ಬರ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ತುಣುಕು ಅದು. ಅಷ್ಟಕ್ಕೇ 1.4 ಪೆಟಾಬೈಟ್ ಮಾಹಿತಿ, ಅಂದರೆ ಒಂದು ಟಿಬಿಯ ಹಾರ್ಡ್‌ಡಿಸ್ಕ್ 1,400. ಇಡೀ ಮೆದುಳು ಸುಮಾರು 12 ಲಕ್ಷ ಘನ ಮಿಲಿಮೀಟರ್. ಗುಣಿಸಿದರೆ 168 ಕೋಟಿ ಹಾರ್ಡ್‌ಡಿಸ್ಕ್. ಭಾರತದ ಪ್ರತಿಯೊಬ್ಬರಿಗೂ ಒಂದೊಂದು ಕೊಟ್ಟರೂ ಮಿಗುತ್ತದೆ. ಪೆನ್‌ಡ್ರೈವಿನ ಮಾತು ಸದ್ಯಕ್ಕೆ ಬಿಡೋಣ.

ಇಲಿಗೆ ಬದಲಿ

ತಟ್ಟೆಯ ಮೆದುಳಿನ ನಿಜವಾದ ಉಪಯೋಗ ಗೇಮ್‌ನಲ್ಲಿಲ್ಲ, ಔಷಧದಲ್ಲಿದೆ. 2013ರಲ್ಲಿ ವಿಯೆನ್ನಾದ ಪ್ರಯೋಗಾಲಯವೊಂದು ಕಾಂಡಕೋಶದಿಂದ ಕೆಲವು ಮಿಲಿಮೀಟರ್ ಗಾತ್ರದ ಮೆದುಳಿನ ಅಂಗಾಂಶದ ಉಂಡೆಗಳನ್ನು ಬೆಳೆಸಿತು. ಆರ್ಗನಾಯ್ಡ್ ಎನ್ನುತ್ತಾರೆ. ರಕ್ತನಾಳ ಇಲ್ಲದ ಕಾರಣ ದೊಡ್ಡದಾದಂತೆ ನಡುಭಾಗ ಸಾಯುತ್ತದೆ. ಆದರೂ 2016ರಲ್ಲಿ ಝೀಕಾ ವೈರಸ್ ಗರ್ಭದ ಮಗುವಿನ ಮೆದುಳನ್ನು ಹೇಗೆ ಕೆಡಿಸುತ್ತದೆ ಎಂದು ತಿಳಿಯಲು ಇವು ಬಹಳ ನೆರವಾದವು.

ನಮ್ಮಲ್ಲೂ ಕಾನೂನು ಬದಲಾಗಿದೆ. 2023ರಲ್ಲಿ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಿಗೆ ತಿದ್ದುಪಡಿ ತಂದು, ಪ್ರಾಣಿಗಳ ಬದಲು ಆರ್ಗನಾಯ್ಡ್‌ನಂಥ ವಿಧಾನಗಳಿಗೂ ಜಾಗ ಕೊಟ್ಟರು. ಪ್ರಾಣಿಗಳ ಮೇಲೆ ಪ್ರಯೋಗ ಮಾಡುವ ಸಂಸ್ಥೆಗಳು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿ ನೋಂದಾಯಿಸಿಕೊಂಡು, ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಪಡೆದೇ ಮಾಡಬೇಕು. ದಾವಣಗೆರೆ, ಚಿತ್ರದುರ್ಗದ ಫಾರ್ಮಸಿ, ಮೆಡಿಕಲ್ ಕಾಲೇಜುಗಳಿಗೂ ಇದೇ ನಿಯಮ. ಇಲಿಯನ್ನು ಪೂರ್ತಿ ಕೈಬಿಡಲು ಮಾತ್ರ ಸದ್ಯಕ್ಕೆ ಆಗುವುದಿಲ್ಲ. ಔಷಧ ಯಕೃತ್ತಿಗೆ ಹೋಗಿ ಏನಾಗುತ್ತದೆ, ನಿದ್ದೆ ಕೆಡಿಸುತ್ತದೆಯೇ, ಮಂಕು ಬರಿಸುತ್ತದೆಯೇ? ತಟ್ಟೆಯಲ್ಲಿನ ಉಂಡೆಗೆ ನಿದ್ದೆಯೂ ಇಲ್ಲ, ಮಂಕೂ ಇಲ್ಲ.

ಕುದಾಪುರದ ಬೇಲಿ

ಪ್ರಯೋಗಾಲಯ ಎಂದರೆ ಚಳ್ಳಕೆರೆ ಕಡೆಯವರಿಗೆ ಮೊದಲು ನೆನಪಾಗುವುದು ಕುದಾಪುರದ ಬೇಲಿ. ಭಾರತೀಯ ವಿಜ್ಞಾನ ಸಂಸ್ಥೆಗೆ ಅಲ್ಲಿ ಸುಮಾರು 1,500 ಎಕರೆ ಕೊಡಲಾಗಿದೆ. ಡಿಆರ್‌ಡಿಒ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೂ ಸುತ್ತಮುತ್ತ ಜಮೀನು ಹೋಗಿದೆ. ಇದರಲ್ಲಿ ಬಹುಪಾಲು ಅಮೃತಮಹಲ್ ಕಾವಲು. ದನ, ಕುರಿ ಮೇಯುತ್ತಿದ್ದ, ಕೃಷ್ಣಮೃಗ ಓಡಾಡುತ್ತಿದ್ದ ಹುಲ್ಲುಗಾವಲು. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಗಿತ್ತು. ಕುರಿ ಸಾಕುವವರ, ಕಂಬಳಿ ನೇಯುವವರ ಬದುಕು ಆ ಹುಲ್ಲಿಗೆ ಅಂಟಿಕೊಂಡಿತ್ತು ಎಂಬುದೇ ಊರಿನವರ ದೂರು.

ಇದನ್ನು ಇಲ್ಲಿ ಎತ್ತಲು ಕಾರಣ ಇದೆ. ಕಾವಲಿನಂಥ ಬಯಲು ನಡವಳಿಕೆಯ ಅಧ್ಯಯನಕ್ಕೆ ಸಿಗುವ ಅಪರೂಪದ ಜಾಗ. ಕೃಷ್ಣಮೃಗದ ಗಂಡು ತನ್ನ ಗಡಿ ಹೇಗೆ ಕಾಯುತ್ತದೆ, ಹಿಂಡು ಯಾವಾಗ ಓಡುತ್ತದೆ, ಅಮೃತಮಹಲ್ ದನ ಬಿಸಿಲಿನಲ್ಲಿ ಹೇಗೆ ಮೇಯುತ್ತದೆ ಎಂಬುದಕ್ಕೆ ಸೂಕ್ಷ್ಮದರ್ಶಕ ಬೇಡ, ಬಯಲು ಬೇಕು. ಜೀವಿಗಳನ್ನು ಓದುವ ವಿಜ್ಞಾನಕ್ಕೆ ಜಾಗ ಮಾಡಲು ಜೀವಿಗಳ ಜಾಗವನ್ನೇ ತೆಗೆದುಕೊಂಡರೆ ಆ ವಿಜ್ಞಾನಕ್ಕೇ ನಷ್ಟ. ಆ ಕ್ಯಾಂಪಸ್ಸಿನಲ್ಲಿ ಸರ್ಕಾರಿ ಶಾಲೆಯ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ, ಅದು ಒಳ್ಳೆಯ ಕೆಲಸವೇ. ಬೇಲಿಯೊಳಗೆ ಉಳಿದಿರುವ ಹುಲ್ಲನ್ನು ಹುಲ್ಲಾಗಿಯೇ ಬಿಟ್ಟು ಓದುವುದಕ್ಕೂ ಅಷ್ಟೇ ಬೆಲೆ ಕೊಡಬೇಕು.

ಮೆಕ್ಕೆಜೋಳದ ಸುಳಿಯಲ್ಲಿ

ನಡವಳಿಕೆಯ ಸಂಶೋಧನೆ ನಮ್ಮ ಹೊಲಕ್ಕೆ ಬಂದು ಮುಟ್ಟಿರುವ ಉದಾಹರಣೆ ಹತ್ತಿರದಲ್ಲೇ ಇದೆ. ಮೆಕ್ಕೆಜೋಳಕ್ಕೆ ಬೀಳುವ ಸೈನಿಕ ಹುಳು, ಕೆಲವರು ಲದ್ದಿ ಹುಳು ಎನ್ನುವುದು, ಭಾರತದಲ್ಲಿ ಮೊದಲು ಪತ್ತೆಯಾಗಿದ್ದು 2018ರಲ್ಲಿ, ನಮ್ಮ ಪಕ್ಕದ ಶಿವಮೊಗ್ಗದಲ್ಲಿ. ಹಗಲೆಲ್ಲ ಸುಳಿಯೊಳಗೆ ಅಡಗಿ ಕೂರುತ್ತದೆ. ಮೇಲಿನಿಂದ ಔಷಧ ಹೊಡೆದರೆ ಹಿಕ್ಕೆಯ ಕೆಳಗಿರುವ ಹುಳುವಿಗೆ ತಾಗುವುದೇ ಕಷ್ಟ.

ಅದಕ್ಕೆ ರೈತರು ಹೊಲದಲ್ಲಿ ಮೋಹಕ ಬಲೆ ಕಟ್ಟುತ್ತಾರೆ. ಹೆಣ್ಣು ಪತಂಗದ ವಾಸನೆಯ ತುಂಡು ಇಟ್ಟರೆ ಗಂಡು ಪತಂಗಗಳು ಬಂದು ಬೀಳುತ್ತವೆ. ಎಷ್ಟು ಬಿದ್ದವು ಎಂದು ಎಣಿಸಿ, ಹುಳು ಯಾವಾಗ ಬರುತ್ತದೆ ಎಂದು ಅಂದಾಜು ಮಾಡುತ್ತಾರೆ. ಈ ಬಲೆಯ ಮೂಲ 1959ರ ಒಂದು ಪ್ರಯೋಗ. ಜರ್ಮನಿಯ ಬುಟೆನಾಂಟ್ ಸುಮಾರು 5 ಲಕ್ಷ ಹೆಣ್ಣು ರೇಷ್ಮೆ ಪತಂಗಗಳಿಂದ ಕೆಲವೇ ಮಿಲಿಗ್ರಾಂ ವಾಸನೆಯ ವಸ್ತು ತೆಗೆದು ಅದು ಏನೆಂದು ಪತ್ತೆ ಮಾಡಿದರು. ಸರಿಯಾದ ವಸ್ತು ಸಿಕ್ಕಿತೇ ಇಲ್ಲವೇ ಎಂದು ತಿಳಿಯಲು ಅವರ ಬಳಿ ಇದ್ದ ದಾರಿ ಗಂಡು ಪತಂಗ ರೆಕ್ಕೆ ಬಡಿಯುವುದನ್ನು ನೋಡುವುದು.

2024ರಲ್ಲಿ ಕೇಂದ್ರ ಸರ್ಕಾರ ಫೋಟೊ ನೋಡಿ ಕೀಟ ಗುರುತಿಸುವ ಎಐ ವ್ಯವಸ್ಥೆಯನ್ನೂ ತಂದಿದೆ. ಎಲೆಯ ತೂತು ನೋಡಿ ಇಂಥ ಹುಳು ಎಂದು ಅದು ಹೇಳಬಲ್ಲದು. ತೂತು ಕಂಡ ಹೊತ್ತಿಗೆ ಹುಳು ಸುಳಿ ಸೇರಿಯಾಗಿರುತ್ತದೆ. ಬಲೆ ಮೊದಲು, ಫೋಟೊ ಆಮೇಲೆ ಎಂಬ ಕ್ರಮ ಹೊಲದಲ್ಲಿ ಬದಲಾಗದು.

ಆಸ್ಪತ್ರೆಯಲ್ಲಿ ಕೇಳಬೇಕಾದ್ದು

ಆಸ್ಪತ್ರೆಯ ವಿಚಾರ ಸ್ವಲ್ಪ ಸೂಕ್ಷ್ಮ. ಮರೆವಿನ ಕಾಯಿಲೆ ಗುರುತಿಸುವ ಪರೀಕ್ಷೆಗಳಲ್ಲಿ ಬಹುಪಾಲು ಓದುಬರಹ ಬಲ್ಲ, ಹೊರದೇಶದ ಜನರನ್ನು ನೋಡಿ ಮಾಡಿದವು. ಗಡಿಯಾರದ ಚಿತ್ರ ಬರೆಯಿರಿ ಎಂದು ಎಂದೂ ಪೆನ್ನು ಹಿಡಿಯದ ಜಗಳೂರಿನ ಅಜ್ಜಿಗೆ ಹೇಳಿದರೆ ಸಿಗುವ ಅಂಕ ಅವರ ಮೆದುಳಿನದೋ ಶಾಲೆಗೆ ಹೋಗದ್ದರದೋ? ಇದಕ್ಕಾಗಿಯೇ ಬೆಂಗಳೂರಿನ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ಓದುವ ಅಧ್ಯಯನ ಹಮ್ಮಿಕೊಂಡಿದೆ. ಐಐಟಿ ಮದ್ರಾಸ್ 2024ರಲ್ಲಿ ಭ್ರೂಣದ ಮೆದುಳಿನ 5,132 ಹೋಳುಗಳ ಚಿತ್ರಕೋಶ ‘ಧರಣಿ’ಯನ್ನು ಎಲ್ಲರಿಗೂ ತೆರೆದಿಟ್ಟಿತು. ಇಲ್ಲಿನ ಜನರ ಮಾಹಿತಿ ಇಲ್ಲದೆ ಕಲಿತ ಎಐ, ಇಲ್ಲಿನ ಸ್ಕ್ಯಾನ್ ಓದುವಾಗ ಎಡವುವ ಸಾಧ್ಯತೆ ಜಾಸ್ತಿ.

ಹಾಗಾಗಿ ಮುಂದೆ ನಮ್ಮ ಕಡೆಯ ಆಸ್ಪತ್ರೆಗಳಲ್ಲೂ ಇಇಜಿ (ಮೆದುಳಿನ ಅಲೆಗಳ ದಾಖಲೆ), ಎಂಆರ್‌ಐ ಮಾಹಿತಿಯನ್ನು ಸಂಶೋಧನೆಗೆ ಕೊಡ್ತೀರಾ ಎಂದು ಕೇಳುವುದು ಹೆಚ್ಚಬಹುದು. ಯುನೆಸ್ಕೊ 2025ರ ನವೆಂಬರ್‌ನಲ್ಲಿ ನರತಂತ್ರಜ್ಞಾನದ, ಅಂದರೆ ಮೆದುಳು, ನರಗಳನ್ನು ಅಳೆಯುವ ತಂತ್ರಜ್ಞಾನದ ನೀತಿಗಳ ಶಿಫಾರಸನ್ನು ಒಪ್ಪಿಕೊಂಡಿದೆ, ಆದರೆ ಅದು ಶಿಫಾರಸು ಮಾತ್ರ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ ಮೆದುಳಿನ ಮಾಹಿತಿಗೆ ಬೇರೆ ವಿಭಾಗ ಇಲ್ಲ. ಫೋನ್ ನಂಬರ್, ಮೆದುಳಿನ ಅಲೆ, ಎರಡೂ ಒಂದೇ ತಕ್ಕಡಿಯಲ್ಲಿವೆ. ಆದರೆ ಒಪ್ಪಿಗೆ ಕೇಳುವ ಕೋರಿಕೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ. ಕನ್ನಡ ಆ ಪಟ್ಟಿಯಲ್ಲಿದೆ. ಇಂಗ್ಲಿಷ್ ಹಾಳೆ ಮುಂದಿಟ್ಟು ಸಹಿ ಹಾಕಿ ಎಂದರೆ, ಕನ್ನಡದ್ದು ಕೊಡಿ ಎಂದು ಕೇಳಬಹುದು. ಮಾಹಿತಿ ಯಾರಿಗೆ ಹೋಗುತ್ತದೆ, ಎಷ್ಟು ವರ್ಷ ಇಡುತ್ತಾರೆ, ಹಿಂತೆಗೆದುಕೊಳ್ಳಬೇಕಾದರೆ ಯಾರಿಗೆ ಬರೆಯಬೇಕು ಎಂಬುದನ್ನೂ ಆಗಲೇ ಕೇಳಿ ಬರೆಸಿಕೊಳ್ಳಿ.